ಇಂದುಶೇಖರ ಡಾಕ್ಟರು ಕಾದು ಹಾಡಿದ್ದು

ಇಂದುಶೇಖರ ಡಾಕ್ಟರು ಕೂತು ಊಟ ಮಾಡಿದ್ದನ್ನು ನಾನು ನೋಡಿದ್ದು ಕಡಿಮೆ. ವಿದನ್‌ಶಾ ಎಂಬ ಊರಿನಲ್ಲಿ ನನ್ನ ಮಗಳು ಸುಚೇತಾಳ ಮನೆಗೆ ಬಂದರೆ ತಟ್ಟೆಯನ್ನು ಕೈಯಲ್ಲಿ ಹಿಡಿದು ನಿಂತೇ ತಿನ್ನುವರು. ಸಾರನ್ನ ಮುಗಿಯುವ ಮೊದಲೇ ಮಜ್ಜಿಗೆಯ ಪಾತ್ರೆ ಎಲ್ಲಿದೆ ಎಂದು ಕಣ್ಣು ಹುಡುಕುತ್ತಿರುತ್ತಿತ್ತು. ಅವರ ಹೆಂಡತಿ ವೇದಾ ಮೈಸೂರಿನವಳು, ಮಾತು ಸ್ವಲ್ಪ ಖಾರ.

"ಅಮ್ಮಾ, ಇವರಿಗೆ ಸಾರು, ಪಲ್ಯ, ಮಜ್ಜಿಗೆ ಎಲ್ಲಾ ಒಟ್ಟಿಗೇ ಕಲಸಿ ಒಂದು ಲೋಟದಲ್ಲಿ ಕೊಟ್ಬಿಡಿ. ಕುಡಿದು ಹೊರಡ್ತಾರೆ" ಎನ್ನುವಳು.

"ಕೊಡ್ರಿ ಗೌರಮ್ಮಾರ, ಅದೂ ಛಲೋ ಆಗ್ತದ" ಎಂದು ಡಾಕ್ಟರು ನಗುವರು. ಅವರು ಹುಬ್ಬಳ್ಳಿಯವರು. ಈ ಇಂಗ್ಲಿಷರ ದೇಶಕ್ಕೆ ಬಂದು ಇಪ್ಪತ್ತೈದು ವರ್ಷವಾದರೂ ನಮ್ಮೊಡನೆ ಮಾತಿಗೆ ನಿಂತರೆ ಹುಬ್ಬಳ್ಳಿಯೇ ಬರುತ್ತಿತ್ತು.

ಅವರದು ಜಿ.ಪಿ. ಕೆಲಸ, ಏನೇ ಕಾಯಿಲೆಯಾದರೂ ಊರಿನವರು ಮೊದಲು ಹೋಗುವ ಡಾಕ್ಟರು. ಒಬ್ಬ ರೋಗಿಗೆ ಹತ್ತು ನಿಮಿಷ, ಹೊರಗೆ ಕುರ್ಚಿ ತುಂಬ ಜನ. ಬೆಳಗ್ಗೆಯಿಂದ ಸಂಜೆಯವರೆಗೆ ಹಾಗೆಯೇ ಓಡಿ ಓಡಿ, ಓಟವೇ ಅವರ ನಡಿಗೆಯಾಗಿತ್ತು. ನನ್ನ ಮೊಣಕಾಲು ತೋರಿಸಲು ಒಮ್ಮೆ ಹೋಗಿದ್ದೆ. ನಾನು ಕುರ್ಚಿಯ ಮೇಲೆ ಸರಿಯಾಗಿ ಕೂರುವಷ್ಟರಲ್ಲಿ ಔಷಧಿ ಚೀಟಿ ಮೆಷಿನ್ನಿನಿಂದ ಹೊರಗೆ ಬರುತ್ತಿತ್ತು. ಔಷಧಿ ಮಾತ್ರ ಸರಿಯಾದದ್ದೇ, ನೋವು ಇಳಿಯಿತು. ಆದರೆ ಆ ನೋವು ಹೇಗೆ ಶುರುವಾಯಿತೆಂದು ಹೇಳಬೇಕೆಂದುಕೊಂಡು ಹೋಗಿದ್ದ ಮಾತು ನನ್ನ ಬಾಯಲ್ಲೇ ಉಳಿಯಿತು.

ಇಂಥವರು ಹಾಡುಗಾರರೂ ಹೌದು ಎಂದು ಬಹಳ ದಿನ ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವರ ತಂದೆ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆ ಒಬ್ಬ ಆಂಗ್ಲೋ ಇಂಡಿಯನ್ ಗಾರ್ಡಿನದು. ಆತ ಡ್ಯೂಟಿ ಮುಗಿಸಿ ಬಂದು, ಬೂಟು ಬಿಚ್ಚಿ, ಜಗುಲಿಯ ಮೇಲೆ ಗಿಟಾರ್ ಇಟ್ಟುಕೊಂಡು ಅಮೆರಿಕದ ಹಳ್ಳಿಗಾಡಿನ ಹಾಡು ಹೇಳುತ್ತಿದ್ದನಂತೆ. ಕಂಟ್ರಿ ಎಂದು ಅದಕ್ಕೆ ಹೆಸರು. ಕುದುರೆ, ರೈಲು, ಹೆಂಡ, ಬಿಟ್ಟುಹೋದ ಹೆಂಗಸು, ಕಾಯುವ ತಾಯಿ, ಇಷ್ಟೇ ಅದರಲ್ಲಿ ಇರುವುದು. ನಮ್ಮ ಡಾಕ್ಟರು ಆಗ ಚಡ್ಡಿ ಹಾಕುವ ವಯಸ್ಸಿನವರು. ಕಾಂಪೌಂಡಿಗೆ ಗಲ್ಲ ಆನಿಸಿ ಕೇಳಿ ಕೇಳಿ ಕಲಿತರು. ಇಲ್ಲಿಗೆ ಬರುವಾಗ ಗಿಟಾರನ್ನೂ ತಂದರು. ತಂದು ಬೀರುವಿನ ಮೇಲೆ ಇಟ್ಟರು. ಅದು ಇಪ್ಪತ್ತು ವರ್ಷ ಅಲ್ಲೇ ಇತ್ತು. "ಧೂಳು ಹೊಡೆಯೋದು ನಾನು, ಇವರಿಗೆ ಹಾಡು ಬರುತ್ತೆ ಅಂತ ಹೆಸರು" ಎಂದು ವೇದಾ ಹೇಳುತ್ತಿದ್ದಳು.

ಅದನ್ನು ಕೆಳಗಿಳಿಸಿದವನು ಕೀತ್. ಮ್ಯಾಕಲ್ಸ್‌ಫೀಲ್ಡಿನ ಔಷಧಿ ಕಾರ್ಖಾನೆಯಲ್ಲಿ ಮಾತ್ರೆ ಪ್ಯಾಕ್ ಮಾಡುವ ಮೆಷಿನ್ ರಿಪೇರಿ ಅವನ ಕೆಲಸ, ಮನೆ ನಮ್ಮ ಕಡೆ. ಬೆನ್ನುನೋವೆಂದು ಡಾಕ್ಟರ ಹತ್ತಿರ ಬಂದ. ಡಾಕ್ಟರು ಅವನ ಎಡಗೈ ಬೆರಳ ತುದಿಯ ಗಟ್ಟಿ ಚರ್ಮ ನೋಡಿ, "ಗಿಟಾರ್ ನುಡಿಸ್ತೀಯಾ?" ಎಂದರಂತೆ. ಬೆನ್ನಿನ ಮಾತು ಅಲ್ಲಿಗೇ ನಿಂತಿತು. ಕೀತನಿಗೆ ಬೇಕಾದದ್ದು ಅಮೆರಿಕದ ದಕ್ಷಿಣ ಸೀಮೆಯ ರಾಕ್, ಲಾರಿ ಘಾಟಿ ಹತ್ತಿದ ಹಾಗೆ ಏರುವ ಗಿಟಾರ್. ಅವನ ಜೊತೆಗೆ ಡೊರೀನ್ ಎಂಬ ದೊಡ್ಡ ಮೈಯ, ದೊಡ್ಡ ನಗೆಯ ಹೆಂಗಸು ಆರ್ಗನ್ ನುಡಿಸುತ್ತಿದ್ದಳು. ಜಮೈಕಾದಿಂದ ಬಂದ ಮನೆತನ. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡಿ ನಿವೃತ್ತಿಯಾದವಳು, ಭಾನುವಾರ ಚರ್ಚಿನಲ್ಲಿ ಆರ್ಗನ್. ಅವಳದು ಸೋಲ್ ಎಂಬ ಸಂಗೀತ. ಎದೆಯೊಳಗಿನಿಂದ ಎತ್ತಿ ಹೇಳುವಂಥದು. ಡ್ರಮ್ ಹೊಡೆಯುವವನೊಬ್ಬ ಇದ್ದ, ಮಾತೇ ಆಡುತ್ತಿರಲಿಲ್ಲ.

ಇವರು ಕೀತನ ಗ್ಯಾರೇಜಿನಲ್ಲಿ ಸೇರಿ ನುಡಿಸಲು ಹತ್ತಿ ನಾಲ್ಕೈದು ವರ್ಷವಾಗಿತ್ತು. ಡಾಕ್ಟರು ಹಾಡು ಕಟ್ಟಿದರು. ಎಲ್ಲ ಇಂಗ್ಲಿಷಿನಲ್ಲಿ, ಎಲ್ಲ ಹುಬ್ಬಳ್ಳಿಯ ಮೇಲೆ. ಯಾರ್ಡಿನಲ್ಲಿ ನಿಂತ ಗೂಡ್ಸ್ ಗಾಡಿ, ಕಲ್ಲಿದ್ದಲು ಆಯುವ ಹೆಂಗಸರು, ಬಿಸಿಲಿಗೆ ಕಾದ ಹಳಿ. ಡಾಕ್ಟರು ಕಥೆ ಹೇಳುವರು, ಕೀತನ ಗಿಟಾರ್ ಅದನ್ನು ಎಳೆದುಕೊಂಡು ಓಡುವುದು, ಡೊರೀನಳ ಆರ್ಗನ್ ಕೆಳಗಿನಿಂದ ಎತ್ತಿ ಹಿಡಿಯುವುದು. 2003ರಲ್ಲಿ ಇದನ್ನೆಲ್ಲ ಒಂದು ಆಲ್ಬಂ ಮಾಡುವುದೆಂದು ತೀರ್ಮಾನವಾಯಿತು. ಹೆಸರು 'ಸೌತ್ ಆಫ್ ಹುಬ್ಬಳ್ಳಿ'.

"ಹುಬ್ಬಳ್ಳಿಯ ದಕ್ಷಿಣಕ್ಕೆ ಏನಿದೆ ಡಾಕ್?" ಎಂದು ಕೀತ್ ಕೇಳಿದನಂತೆ.

"ಹಾವೇರಿ" ಎಂದರಂತೆ ಡಾಕ್ಟರು. ಕೀತ್ ತಲೆದೂಗಿ, ಹೆಸರು ಚೆನ್ನಾಗಿದೆ ಎಂದ.

ತೊಂದರೆ ಬಂದದ್ದು ರೆಕಾರ್ಡಿಂಗಿನಲ್ಲಿ. ಮ್ಯಾಕಲ್ಸ್‌ಫೀಲ್ಡಿನಲ್ಲಿ ಹಳೆಯ ರೇಷ್ಮೆ ಮಿಲ್ಲಿನ ಮೇಲಂತಸ್ತಿನಲ್ಲಿ ಸ್ಟುಡಿಯೋ. ಎಲ್ಲರೂ ಒಟ್ಟಿಗೆ ನುಡಿಸಿ, ಒಟ್ಟಿಗೇ ರೆಕಾರ್ಡಿಗೆ ಹಿಡಿಯಬೇಕೆಂಬುದು ಕೀತನ ಹಠ. ವಾದ್ಯ ಸರಿಯಾಗಿ ಬರುತ್ತಿತ್ತು. ಡಾಕ್ಟರ ಹಾಡು ತಾಳಕ್ಕೆ ನಿಲ್ಲುತ್ತಿರಲಿಲ್ಲ. ಒಂದು ಸಾಲು ಮುಗಿಯುವ ಮೊದಲೇ ಇನ್ನೊಂದಕ್ಕೆ ಹಾರುವರು. ಡ್ರಮ್ ಅವರ ಹಿಂದೆ ಓಡುವುದು, ಗಿಟಾರಿಗೆ ನುಸುಳಲು ಸಂದು ಸಿಗದು. "ಡಾರ್ಲಿಂಗ್, ನಾನು ಅಳೋಕೆ ಶುರುಮಾಡೋ ಹೊತ್ತಿಗೆ ನೀನು ಔಷಧಿ ಬರೆದು ಕೊಟ್ಟಿರ್ತೀಯಾ" ಎಂದಳಂತೆ ಡೊರೀನ್. ಎರಡು ವಾರಾಂತ್ಯ ಹೋಯಿತು, ಒಂದು ಹಾಡೂ ಕೈಗೆ ಹತ್ತಲಿಲ್ಲ. ಸ್ಟುಡಿಯೋಗೆ ದುಡ್ಡು ಕಟ್ಟಿದ್ದರಲ್ಲಿ ಉಳಿದಿದ್ದದ್ದು ಒಂದೇ ವಾರಾಂತ್ಯ. ಕೀತ್ ಒಳ್ಳೆಯವನು, ಆದರೆ ಮೆಷಿನ್ ರಿಪೇರಿಯವನು. ಕೆಟ್ಟ ಬಿಡಿಭಾಗ ಯಾವುದೆಂದು ಮುಚ್ಚಿಡುವವನಲ್ಲ.

ಆ ಶುಕ್ರವಾರ ಡಾಕ್ಟರು ವೇದಾಳೊಡನೆ ನಮ್ಮ ಮನೆಗೆ ಬಂದು ಕುರ್ಚಿ ಎಳೆದುಕೊಂಡು ಕೂತರು. ಕೂತದ್ದು ನೋಡಿಯೇ ನನಗೆ ಏನೋ ಆಗಿದೆ ಅನ್ನಿಸಿತು.

"ನಾಳೆ ಸಂಜೀ ಒಳಗ ಹಾಡು ಹಿಡತಕ್ಕ ಬರಲಿಲ್ಲಂದ್ರ, ಭಾನುವಾರ ಕ್ರೂ ಊರಿಂದ ಒಬ್ಬ ಕ್ಲಬ್ ಹಾಡುಗಾರನ್ನ ಕರಸ್ತಾರ್ರಿ" ಎಂದರು. "ಹಾಡು ನಂದು, ದನಿ ಅವಂದು. ನಾನೂ ಹೂಂ ಅಂದೇನಿ. ಕೀತ್ ಹೇಳಿದ್ದು ಖರೇನ ಅದ."

"ಹುಬ್ಬಳ್ಳಿ ಹಾಡು ಕ್ರೂದವನು ಹೇಳೋದಾ?" ಎಂದೆ.

"ಅವನ ದನಿ ಭಾಳ ಛಲೋ ಅದ" ಎಂದರು. ವೇದಾ ಅವತ್ತು ಏನೂ ಹಂಗಿಸಲಿಲ್ಲ. ಗಂಡನ ತಟ್ಟೆಗೆ ಇನ್ನೊಂದು ಚಪಾತಿ ಹಾಕಿದಳು. ಅವರು ಅದನ್ನು ಪೂರ್ತಿ ತಿನ್ನಲೂ ಇಲ್ಲ.

ಶನಿವಾರ ನಮ್ಮ ಭಜನೆಯ ದಿನ. ಆ ವಾರ ಹೇಮಲತಾಳ ಮನೆಯಲ್ಲಿ. ಹೇಮಲತಾ ಏರ್‌ಪೋರ್ಟಿನಲ್ಲಿ ಚೆಕ್-ಇನ್ ಕೌಂಟರಿನವಳು. ಪ್ರಯಾಣಿಕರನ್ನು ಕೂಗಿ ಕೂಗಿ ಗಂಟಲು ಗಟ್ಟಿ, ಭಜನೆಗೂ ಅದೇ ಗಂಟಲು. ನಾವು ಐದು ಜನ ಹೆಂಗಸರು ಸೇರಿ, ಐಸ್‌ಕ್ರೀಂ ಡಬ್ಬಗಳಲ್ಲಿ ಚಿತ್ರಾನ್ನ, ಕೋಸಂಬರಿ ತುಂಬಿಕೊಂಡು ಇನ್ನೇನು ಕೂರಬೇಕು, ವೇದಾಳ ಮೊಬೈಲ್ ಬಡಿಯಿತು. ಡಾಕ್ಟರು. ಡೊರೀನಳ ಚರ್ಚಿನ ಹೆಂಗಸರು ಬಂದು ಹಾಡಿನ ಮಧ್ಯೆ ಚಪ್ಪಾಳೆ ತಟ್ಟಿ 'ಓ' ಎಂದು ದನಿ ಕೊಡಬೇಕಿತ್ತು. ಅವರು ಬರ್ಮಿಂಗ್‌ಹ್ಯಾಮಿಗೆ ಮದುವೆಗೆ ಹೋಗಿದ್ದರು, ವಾಪಸ್ಸು ಬರುವಾಗ ಬಸ್ಸು ಮೋಟರ್‌ವೇಯಲ್ಲಿ ಕೆಟ್ಟು ನಿಂತಿತ್ತಂತೆ.

"ಐದು ಹೆಂಗಸರು ಬೇಕಂತೆ. ಬರೀ ಓ ಅನ್ನೋದಕ್ಕೆ" ಎಂದಳು ವೇದಾ.

"ಓ ತಾನೇ, ಅದೇನು ಮಹಾ" ಎಂದಳು ಹೇಮಲತಾ. "ಆಂಟಿ, ಸ್ವೆಟರ್ ಹಾಕ್ಕೊಳ್ಳಿ. ಡಬ್ಬ ಬಿಡಬೇಡಿ, ಅಲ್ಲೇ ಊಟ ಮಾಡೋಣ."

ಎರಡು ಕಾರಿನಲ್ಲಿ ಹೋದೆವು. ಮಿಲ್ಲಿನ ಮೆಟ್ಟಿಲು ಹತ್ತಿದಾಗ ಡಾಕ್ಟರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೈಕಿನ ಮುಂದೆ ನಿಂತಿದ್ದರು. ಬೆಳಗಿನಿಂದ ಹಾಡಿ ಮುಖ ಬಾಡಿತ್ತು. ನಮ್ಮನ್ನು ಅದೇ ಕೋಣೆಯಲ್ಲಿ ಇನ್ನೊಂದು ಮೈಕಿನ ಸುತ್ತ ನಿಲ್ಲಿಸಿದರು. ನನಗೆ ಮಾತ್ರ ಸ್ಟೂಲ್ ಕೊಟ್ಟರು. ಕೀತ್ ಬಂದು ನಿಧಾನವಾಗಿ ಹೇಳಿದ, ಆ ಎರಡು ದಿನ ಎಲ್ಲರ ಇಂಗ್ಲಿಷನ್ನೂ ನನಗೆ ಕನ್ನಡ ಮಾಡಿದ ಹಾಗೆಯೇ ವೇದಾ ಇದನ್ನೂ ತಿಳಿಸಿದಳು: ನಾಲ್ಕು ಸಾಲು ಆದ ಮೇಲೆ ಅವನು ಕೈ ಎತ್ತುತ್ತಾನೆ, ಆಗ ಚಪ್ಪಾಳೆ, ಓ. ಅಷ್ಟೇ. ನಾವೆಲ್ಲ ತಲೆಯಾಡಿಸಿದೆವು.

ಗೂಡ್ಸ್ ಗಾಡಿಯ ಹಾಡು ಶುರುವಾಯಿತು. ಸಿಗ್ನಲ್ ಬಿತ್ತು, ಗಾಡಿ ಹೊರಡಲಿಲ್ಲ ಎಂಬ ಅರ್ಥದ ಸಾಲು. ಡಾಕ್ಟರು ಅದನ್ನು ಹೇಳಿ ಉಸಿರಿಗೆ ಬಾಯಿ ತೆಗೆದರು. ಭಜನೆಯಲ್ಲಿ ಒಬ್ಬರು ಒಂದು ಸಾಲು ಹೇಳಿದರೆ ಉಳಿದವರು ಅದನ್ನೇ ತಿರುಗಿ ಹೇಳಬೇಕು. ಇದನ್ನು ನಮಗೆ ಯಾರೂ ಕಲಿಸಿದ್ದಲ್ಲ, ತೊಡೆಯ ಮೇಲೆ ಕೂತಿದ್ದಾಗಿನಿಂದ ಬಂದದ್ದು. ಹೇಮಲತಾಳ ಗಂಟಲು ಎದ್ದಿತು. ಅದರ ಹಿಂದೆಯೇ ನಾವೆಲ್ಲ ಎದ್ದೆವು. ನನಗೆ ಇಂಗ್ಲಿಷ್ ಬಾರದು, ಆದರೆ ಸಾಲು ಹೇಗೆ ಕಿವಿಗೆ ಬಿತ್ತೋ ಹಾಗೆಯೇ, ಅದೇ ರಾಗದಲ್ಲಿ ತಿರುಗಿ ಹೇಳಿದೆ.

ಡಾಕ್ಟರು ಅಷ್ಟರಲ್ಲೇ ಎರಡನೆಯ ಸಾಲಿಗೆ ಹಾರಿದ್ದರು. ನಮ್ಮ ದನಿ ಅಡ್ಡ ಬಂದು ಅವರು ಗಕ್ಕನೆ ನಿಂತರು. ತಿರುಗಿ ನಮ್ಮನ್ನು ನೋಡಿದರು. ಹುಬ್ಬಳ್ಳಿಯಲ್ಲಿ ತಾಯಿಯ ಪಕ್ಕ ಕೂತು ಎಷ್ಟು ಭಜನೆ ಮಾಡಿದ್ದರೋ! ಹೆಂಗಸರು ಹೇಳುತ್ತಿರುವಾಗ ಮೇಲೆ ಬಿದ್ದು ಮುಂದಿನ ಸಾಲು ಎತ್ತುವವನಿಗೆ ಅಲ್ಲಿ ತಲೆಗೆ ಮೊಟಕುತ್ತಾರೆ. ಸುಮ್ಮನೆ ಕಾದರು. ನಾವು ಮುಗಿಸಿದ ಮೇಲೆ ಎರಡನೆಯದನ್ನು ಹೇಳಿದರು. ನಾವೂ ಹೇಳಿದೆವು. ಡ್ರಮ್ಮಿನವನು ನಿಲ್ಲಿಸಲಿಲ್ಲ, ಡೊರೀನ್ ಕೂಡ ನಿಲ್ಲಿಸಲಿಲ್ಲ. ಕೀತ್ ಗಿಟಾರ್ ನುಡಿಸುತ್ತಲೇ ನಮ್ಮ ಕಡೆ ಕಣ್ಣು ಬಿಡುತ್ತಿದ್ದ. ಹಾಡು ಕೊನೆಯವರೆಗೂ ಹಾಗೆಯೇ ಹೋಯಿತು.

"ಓ! ನಾನು ಹೇಳಿದ್ದು ಓ ಮಾತ್ರ!" ಎಂದ ಕೀತ್.

"ಓ ಮಾತ್ರ ಅಂತೆ" ಎಂದಳು ವೇದಾ.

"ಹಾಗಾದ್ರೆ ಸಾಲು ಯಾರು ಹೇಳೋದು?" ಎಂದು ಹೇಮಲತಾ ಸೊಂಟಕ್ಕೆ ಕೈ ಕೊಟ್ಟಳು. "ಅವರೇ ಹೇಳಿ ಅವರೇ ಕೇಳಿಸ್ಕೊಳ್ಳೋಕೆ ನಮ್ಮನ್ಯಾಕೆ ಕರೆಸಿದ್ದು? ಭಜನೆ ಬಿಟ್ಟು ಬಂದಿದೀವಿ!"

ಡೊರೀನ್ ಆರ್ಗನ್ ಮೇಲೆ ತಲೆಯಿಟ್ಟು ನಗುತ್ತಿದ್ದಳು. ನಗು ನಿಂತ ಮೇಲೆ, ಅವಳ ಅಜ್ಜಿಯ ಕಾಲದಲ್ಲಿ ಚರ್ಚಿನಲ್ಲಿ ಪುಸ್ತಕ ಓದಬಲ್ಲವರು ಒಬ್ಬರೇ ಇದ್ದರಂತೆ, ಅವರು ಒಂದು ಸಾಲು ಹೇಳಿದರೆ ಮಿಕ್ಕವರು ತಿರುಗಿ ಹೇಳುತ್ತಿದ್ದರಂತೆ ಎಂದಳು. "ಇವರು ತಪ್ಪೇನೂ ಮಾಡಿಲ್ಲ ಕೀತ್. ಮೊದಲು ಹಿಡಿದದ್ದನ್ನು ಹಾಕು, ಕೇಳೋಣ."

ಹಾಕಿದರು. ನಮ್ಮ ದನಿ ಸ್ಪೀಕರಿನಲ್ಲಿ ಬಂದಾಗ ನಾಚಿಕೆಯಾಗಿ ಸೆರಗು ಬಾಯಿಗೆ ಹೋಯಿತು. ಆದರೆ ಡಾಕ್ಟರ ದನಿ! ಪ್ರತಿ ಸಾಲಿನ ಕೊನೆಯಲ್ಲೂ ಅದು ತಲೆಯ ಮೇಲಿನ ಹೊರೆ ಇಳಿಸಿ ಜಗುಲಿಯ ಮೇಲೆ ಕೂತ ಹಾಗೆ ಕೂರುತ್ತಿತ್ತು. ಸುಧಾರಿಸಿಕೊಂಡು ಮತ್ತೆ ಏಳುತ್ತಿತ್ತು. ಗಾಡಿ ಹೊರಡಲಿಲ್ಲ ಎಂದರೆ ಹೊರಡಲಿಲ್ಲವೆಂದು ನಂಬಿಕೆ ಬರುತ್ತಿತ್ತು. ಕೀತ್ ಗಡ್ಡ ಕೆರೆದುಕೊಂಡು ಕೇಳಿದ. "ಇದು ನಿಂತಿತು" ಎಂದ. ಡಾಕ್ಟರ ಮುಖ ಅರಳಿತು. ಕೀತ್ ತಕ್ಷಣವೇ, "ಆದರೆ ಇಡೀ ಆಲ್ಬಂ ಹೀಗೆ ಮಾಡೋಕಾಗಲ್ಲ. ಇನ್ನೊಂದನ್ನ ಇವರಿಲ್ಲದೆ ಹಾಡು. ಅದೂ ನಿಂತರೆ ಕ್ರೂದವನು ಬೇಡ" ಎಂದ.

ನಮ್ಮನ್ನು ಗಾಜಿನ ಆಚೆಯ ಕೋಣೆಯಲ್ಲಿ ಕೂರಿಸಿದರು. ಡಾಕ್ಟರು ಕಲ್ಲಿದ್ದಲಿನ ಹಾಡು ಎತ್ತಿದರು. ಎರಡು ಸಾಲು ನೆಟ್ಟಗಿತ್ತು. ಮೂರನೆಯದರಿಂದ ಮತ್ತೆ ಓಟ! ಗಿಟಾರ್ ತಪ್ಪಿತು. ಇನ್ನೊಮ್ಮೆ ಹಾಡಿದರು, ಮತ್ತೆ ಓಟ. ಡಾಕ್ಟರು ಹೆಡ್‌ಫೋನ್ ತೆಗೆದು ಮೊಳೆಗೆ ತೂಗುಹಾಕಿ ಈಚೆ ಬಂದರು. "ಕ್ರೂಗೆ ಫೋನ್ ಮಾಡು ಕೀತ್" ಎಂದರು, ಕೆಮ್ಮಿಗೆ ಔಷಧಿ ಹೇಳುವ ಹಾಗೆ.

ವೇದಾ ಎದ್ದು ನಿಂತಳು. "ಮಾಡಬೇಡಿ" ಎಂದು ಕೀತನಿಗೆ ಇಂಗ್ಲಿಷಿನಲ್ಲಿ ಹೇಳಿ, ಗಂಡನ ಕಡೆ ತಿರುಗಿದಳು. "ನಿಮಗೆ ಕಾಯೋಕೆ ಒಬ್ಬರು ಎದುರಿಗೆ ಇರಬೇಕು ಅಷ್ಟೇ ತಾನೇ? ನಾವು ಈ ಗಾಜಿನ ಹಿಂದೆ ನಿಂತು ತಿರುಗಿ ಹೇಳ್ತೀವಿ. ಸದ್ದು ಮಾಡಲ್ಲ, ಬರೀ ಬಾಯಿ ಆಡಿಸ್ತೀವಿ. ನಮ್ಮ ಬಾಯಿ ಮುಚ್ಚೋವರೆಗೂ ನಿಮ್ಮ ಬಾಯಿ ತೆರೆಯಕೂಡದು."

"ಮನ್ಯಾಗ ನಡಿಯೋದೂ ಹಂಗ ಅದ" ಎಂದರು ಡಾಕ್ಟರು. ಆದರೂ ಹೋಗಿ ಹೆಡ್‌ಫೋನ್ ಹಾಕಿಕೊಂಡರು.

ನಾವು ಗಾಜಿನ ಹಿಂದೆ ಸಾಲಾಗಿ ನಿಂತೆವು. ಅವರು ಒಂದು ಸಾಲು ಹೇಳಿದರು. ನಾವು ಐದು ಜನವೂ ಬಾಯಿ ತೆರೆದು, ಮುಚ್ಚಿ, ತಲೆ ತೂಗಿ, ಸದ್ದಿಲ್ಲದೆ ಅದನ್ನೇ ಹೇಳಿದೆವು. ಅವರು ಕಣ್ಣು ಕೀಳದೆ ನೋಡಿ, ಕಾದು, ಮುಂದಿನದು ಹೇಳಿದರು. ನಾವು ಬಾಯಿ ಆಡಿಸುವ ಆ ಸಂದಿನಲ್ಲಿ ಕೀತನ ಗಿಟಾರ್ ಬಂದು ಕೂತಿತು. ಅವನಿಗೆ ಇಷ್ಟು ದಿನ ಬೇಕಿದ್ದ ಜಾಗ ಅದೇ. ಸದ್ದಿಲ್ಲದೆ ಹಾಡುವುದು ಸದ್ದು ಮಾಡಿ ಹಾಡುವುದಕ್ಕಿಂತ ದಣಿವು, ಅದು ನನಗೆ ಅವತ್ತೇ ತಿಳಿದದ್ದು. ಹೇಮಲತಾಳಿಗೆ ತಡೆಯಲಾಗದೆ ಒಂದು ಕಡೆ ದನಿ ಸೋರಿಬಿಟ್ಟಿತು. ಪಕ್ಕದಲ್ಲೇ ಕೂತು ರೆಕಾರ್ಡಿಂಗ್ ಮೆಷಿನ್ ನೋಡಿಕೊಳ್ಳುತ್ತಿದ್ದವನು ಬೆಚ್ಚಿಬಿದ್ದ. ಪುಣ್ಯಕ್ಕೆ ಗಾಜು ದಪ್ಪಗಿತ್ತು.

ಹಾಡು ಮುಗಿಯಿತು. ಅದುವರೆಗೆ ಬಾಯಿ ಬಿಡದಿದ್ದ ಡ್ರಮ್ಮಿನವನು ಕೋಲು ಕೆಳಗಿಟ್ಟು, "ಇವತ್ತು ನಾನು ಯಾರನ್ನೂ ಅಟ್ಟಿಸಿಕೊಂಡು ಹೋಗಲಿಲ್ಲ" ಎಂದ. ಕೀತ್ ಹೊರಗೆ ಹೋಗಿ ಫೋನ್ ಮಾಡಿ, ಕ್ರೂದವನಿಗೆ ಬರಬೇಡವೆಂದು ಹೇಳಿ ಬಂದ. ಆಮೇಲೆ ಎಲ್ಲರೂ ಚಿತ್ರಾನ್ನ ತಿಂದೆವು. ಡಾಕ್ಟರು ಡಬ್ಬ ಹಿಡಿದು ಓಡಾಡುತ್ತಲೇ ತಿಂದರು. ಅದೇನೂ ಬದಲಾಗಲಿಲ್ಲ.

ಮುಂದೆ ಸಿ.ಡಿ. ಬಂತು. ಲೀಡ್ಸಿನ ಕಡೆಯ ಒಂದು ಸಣ್ಣ ಸಂಗೀತ ಪತ್ರಿಕೆಯಲ್ಲಿ, ಈ ಹಾಡುಗಾರನಿಗೆ ಸಾಲಿನಿಂದ ಸಾಲಿಗೆ ಎಷ್ಟು ಬಿಡಬೇಕೆಂಬುದು ಗೊತ್ತು, ಇಂಥ ತಾಳ್ಮೆ ವರ್ಷಗಟ್ಟಲೆ ಅಭ್ಯಾಸ ಮಾಡಿದವರಿಗೆ ಮಾತ್ರ ಬರುತ್ತದೆ ಎಂದು ಬರೆದರು. ಸುಚೇತಾ ಅದನ್ನು ಕನ್ನಡ ಮಾಡಿ ಓದಿದಾಗ ಹೇಮಲತಾ ನಕ್ಕು ನಕ್ಕು ಸೋಫಾದಿಂದ ಜಾರಿದಳು. ಗೂಡ್ಸ್ ಗಾಡಿಯ ಹಾಡಿನಲ್ಲಿ ನಮ್ಮ ದನಿ ಇದೆ. ಮಿಕ್ಕ ಹಾಡುಗಳಲ್ಲಿ ಗಿಟಾರ್ ಒಂದೇ ಕೇಳಿಸುವ ಕಡೆ ಬಾಯಿ ಆಡಿಸುತ್ತಿರುವವರು ನಾವು. ಅದನ್ನು ಕೇಳಿದರೆ ಈಗಲೂ ನನ್ನ ತುಟಿ ಅಲ್ಲಾಡುತ್ತದೆ.

ಆದರೆ ಕೊನೆಯ ಹಾಡಿನದು ಬೇರೆ. ಅದನ್ನು ಹೇಳದಿದ್ದರೆ ಡಾಕ್ಟರ ಕಥೆ ಹೇಳಿದಂತಾಗುವುದಿಲ್ಲ.

ಮಿಕ್ಕ ಹಾಡುಗಳಿಗೆಂದು ಭಾನುವಾರವೂ ನಾವೆಲ್ಲ ಹೋಗಿ ಗಾಜಿನ ಹಿಂದೆ ನಿಂತಿದ್ದೆವು. ಮಧ್ಯಾಹ್ನದ ಹೊತ್ತಿಗೆ ಹೇಮಲತಾಳಿಗೆ ಏರ್‌ಪೋರ್ಟಿನ ಪಾಳಿ ಇತ್ತು. ಮಿಕ್ಕಿಬ್ಬರನ್ನೂ ಕರೆದುಕೊಂಡು ಅವಳು ಹೊರಟುಹೋದಳು. ನನ್ನ ಮೊಣಕಾಲು ಹಿಡಿದುಕೊಂಡಿತ್ತು. ಗೋಡೆಯ ಕಡೆ ಕೂತು ಖಾಲಿ ಡಬ್ಬಗಳಿಗೆ ಸರಿಯಾದ ಮುಚ್ಚಳ ಹುಡುಕುತ್ತಿದ್ದೆ. ಗಾಜಿನ ಮುಂದೆ ಉಳಿದವಳು ವೇದಾ ಒಬ್ಬಳೇ.

ಅದು ಸಮಾಧಾನದ ಹಾಡು. ಡ್ರಮ್ ಇಲ್ಲ. ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಒಬ್ಬ ಹುಡುಗಿ ರೈಲು ಇಳಿಯುತ್ತಾಳೆ, ಕೈಯಲ್ಲಿ ಒಂದು ಟ್ರಂಕು, ಮದುವೆಯಾದ ಹೊಸತು, ಅವಳಿಗೆ ಆ ಊರಿನ ಮಾತು ಅರ್ಥವಾಗುವುದಿಲ್ಲ. ವೇದಾ ಮೈಸೂರಿನಿಂದ ಹಾಗೆಯೇ ಬಂದಿಳಿದವಳು. ಆ ಹಾಡು ತನ್ನ ಮೇಲಿನದೆಂದು ಅವಳಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಡಾಕ್ಟರು ಒಂದು ಸಾಲು ಹೇಳುವರು, ಅವಳನ್ನು ನೋಡುವರು. ಅವಳ ಬಾಯಿ ಆಡಿ ಮುಚ್ಚಿದ ಮೇಲೆ ಮುಂದಿನದು. ಡೊರೀನಳ ಆರ್ಗನ್ ಅದೆಷ್ಟು ಮೆತ್ತಗೆ ಬರುತ್ತಿತ್ತೆಂದರೆ ನಾನು ಮುಚ್ಚಳ ಒತ್ತುವುದನ್ನೂ ನಿಲ್ಲಿಸಿದೆ.

ಕೊನೆಯ ಸಾಲಿಗೆ ಮೊದಲು ವೇದಾಳ ಬಾಯಿ ಬಹಳ ಹೊತ್ತು ಆಡಿತು. ಹೇಳಿದ ಸಾಲು ಚಿಕ್ಕದು, ಇವಳದು ಉದ್ದವಾಯಿತು. ಡಾಕ್ಟರು ಮಿಸುಕದೆ ನಿಂತಿದ್ದರು. ಆರ್ಗನ್ ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು. ಕೀತ್ ಗಿಟಾರ್ ತಂತಿಯ ಮೇಲೆ ಕೈಯಿಟ್ಟು ಸುಮ್ಮನಾದ. ವೇದಾ ಕೈ ಬೇರೆ ಆಡಿಸಿದಳು. ಡಾಕ್ಟರು ಆಗಲೂ ಕಾದರು. ಅವಳ ಬಾಯಿ ಮುಚ್ಚಿದ ಮೇಲೆಯೇ ಕೊನೆಯ ಸಾಲು ಹೇಳಿ ಮುಗಿಸಿದರು.

ಡೊರೀನ್ ಕಣ್ಣು ಒರೆಸಿಕೊಂಡಳು. "ಮೂವತ್ತು ವರ್ಷ ಚರ್ಚಿನಲ್ಲಿ ನುಡಿಸಿದೀನಿ, ಇಂಥ ಕಾಯುವಿಕೆ ಕೇಳಿಲ್ಲ" ಎಂದಳು.

ಡಾಕ್ಟರು ಈಚೆ ಬಂದರು. ಮುಖ ಬೆವೆತಿತ್ತು, ಕಣ್ಣಲ್ಲಿ ನಗು. "ವೇದಾ, ಅಷ್ಟೊತ್ತು ಏನಂದಿ ನೀ? ನನಗ ಎದಿ ತುಂಬಿ ಬಂತು" ಎಂದರು.

"ಏನಂದೆ? ಗಂಟೆ ಮೂರೂವರೆ ಆಯ್ತು, ಭಾನುವಾರ ದೊಡ್ಡ ಅಂಗಡಿ ನಾಲ್ಕಕ್ಕೇ ಬಾಗಿಲು ಹಾಕ್ತಾರೆ, ಮನೇಲಿ ಹನಿ ಹಾಲಿಲ್ಲ, ಬೇಗ ಮುಗಿಸಿ ಅಂದೆ. ಕೈಸನ್ನೆ ಬೇರೆ ಮಾಡಿದೆ. ನೀವು ಕಂಬದ ಹಾಗೆ ನಿಂತಿದ್ರಿ!"

ಡಾಕ್ಟರು ಅವಳ ಮುಖ ನೋಡಿದರು. ಆಮೇಲೆ ಕೀತನಿಗೆ ಇಂಗ್ಲಿಷಿನಲ್ಲಿ ತಿಳಿಸಿದರು. ಕೀತ್ ನೆಲದ ಮೇಲೆಯೇ ಕೂತು ನಕ್ಕ. ನಗು ತಡೆದು, ಇನ್ನೊಂದು ಸಲ ಹಾಡಿಸಬೇಕೇ ಎಂದು ಕೇಳಿದ.

"ಬೇಡ" ಎಂದರು ಡಾಕ್ಟರು. "ಅಕಿ ಹೇಳೋದು ಮುಗಿಸ್ಯಾಳ, ನಾನು ಹಾಡೋದು ಮುಗಿಸೇನಿ. ಹಂಗ ಇರಲಿ." ಕೀತನಿಗೆ ಕನ್ನಡದಲ್ಲೇ ಹೇಳಿದರು. ಅವನಿಗೆ ಅರ್ಥವಾದಂತೆ ಕಂಡಿತು.

ವೇದಾ ನನ್ನ ಕೈಹಿಡಿದು ಎಬ್ಬಿಸಿದಳು. ಮೆಟ್ಟಿಲು ಇಳಿಸಿದಳು. ಕಾರಿನಲ್ಲಿ ಕೂತ ಮೇಲೆ, "ಆ ಟ್ರಂಕು ನೀಲಿ ಬಣ್ಣದ್ದು ಅಮ್ಮ, ಹಾಡಲ್ಲಿ ಹಸಿರು ಅಂದ್ರು" ಎಂದಳು, ಯಾರ ಮೇಲೂ ಕೋಪವಿಲ್ಲದೆ. ನಾವು ಹೋಗುವಷ್ಟರಲ್ಲಿ ಅಂಗಡಿ ಬಾಗಿಲು ಹಾಕಿತ್ತು. ಸುಚೇತಾಳ ಮನೆಯಲ್ಲಿದ್ದ ಹಾಲನ್ನು ಅರ್ಧ ಬಗ್ಗಿಸಿ ಕೊಟ್ಟೆ.